ಹೊಸ ಕಾಲೇಜು ಬಂದಾಗ ಫುಟ್‌ಬಾಲ್ ಕೂಟ ಬೆಳೆಯುವ ಬಗೆ

ರಾಮನಗರದ ಒಂದೇ ಬೀದಿಯಲ್ಲಿ ಮೂವರು ಗೆಳೆಯರಿದ್ದಾರೆ ಎಂದುಕೊಳ್ಳೋಣ. ಒಬ್ಬ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಾನೆ, ಇನ್ನೊಬ್ಬ ಘೌಸಿಯಾ ಎಂಜಿನಿಯರಿಂಗ್ ಕಾಲೇಜಿನಲ್ಲಿ ಬಿ.ಇ., ಮೂರನೆಯವನು ನರ್ಸಿಂಗ್. ಸಂಜೆಯಾದರೆ ಮೂವರೂ ಒಂದೇ ಬಯಲಿನಲ್ಲಿ ಚೆಂಡು ಒದೆಯುತ್ತಾರೆ. ಆದರೆ ಕಾಲೇಜಿನ ಜೆರ್ಸಿ ತೊಟ್ಟು ಆಡುವ ಅಧಿಕೃತ ಪಂದ್ಯಾವಳಿಯಲ್ಲಿ ಈ ಮೂವರು ಒಬ್ಬರಿಗೊಬ್ಬರು ಎದುರಾಗುವುದೇ ಇಲ್ಲ.

ನಮ್ಮಲ್ಲಿ ಕಾಲೇಜು ಕ್ರೀಡೆಯ ಗಡಿ ಎಳೆಯುವುದು ವಿಶ್ವವಿದ್ಯಾಲಯ, ಊರಲ್ಲ. ಬಿ.ಕಾಂ. ಹುಡುಗನ ಕಾಲೇಜು ಬೆಂಗಳೂರು ವಿಶ್ವವಿದ್ಯಾಲಯದ್ದು. ಎಂಜಿನಿಯರಿಂಗ್ ಕಾಲೇಜು ಬೆಳಗಾವಿಯಲ್ಲಿ ಕೇಂದ್ರ ಕಚೇರಿಯಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು ಅಡಿಯಲ್ಲಿದೆ. ನರ್ಸಿಂಗ್ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಕನಕಪುರ ಕಡೆಯ ಜಕ್ಕಸಂದ್ರದ ಜೈನ್ ವಿಶ್ವವಿದ್ಯಾಲಯದ ಕ್ಯಾಂಪಸ್‌ನಲ್ಲಿ ನಾಲ್ಕನೆಯ ಗೆಳೆಯನೊಬ್ಬ ಓದುತ್ತಿದ್ದರೆ ಅವನ ದಾರಿ ಇವೆಲ್ಲಕ್ಕಿಂತ ಬೇರೆ.

ಈ ವಿಚಾರ ಈಗ ಬಿಡದಿ ಬಳಿಯ ಬೈರಮಂಗಲದ ಸುತ್ತಮುತ್ತಲಿನವರಿಗೆ ಮುಖ್ಯವಾಗಿದೆ. ಬಿಡದಿಯ ಕೈಗಾರಿಕಾ ಪ್ರದೇಶದಿಂದಾಗಿ ಈ ಭಾಗದಲ್ಲಿ ಜನ ಹೆಚ್ಚಿದ್ದಾರೆ. ಬೈರಮಂಗಲ, ಕಂಚುಗಾರನಹಳ್ಳಿ ಭಾಗದಲ್ಲಿ ಉಪನಗರ ಕಟ್ಟುವ ಯೋಜನೆಯೂ ಸರ್ಕಾರದ ಮುಂದಿದೆ. ಅದಕ್ಕೆ ಜಮೀನು ಕೊಡುವ ಬಗ್ಗೆ ರೈತರ ವಿರೋಧ ಗಟ್ಟಿಯಾಗಿದೆ. ಅದು ಬೇರೆಯೇ ಬರೆಯಬೇಕಾದ, ಇದಕ್ಕಿಂತ ದೊಡ್ಡ ವಿಷಯ. ಯೋಜನೆ ಏನೇ ಆಗಲಿ, ಜನ ಹೆಚ್ಚಿದ ಕಡೆ ಹೊಸ ಕಾಲೇಜು ಬಂದೇ ಬರುತ್ತದೆ. ಹಾಗೆ ಬಂದ ಕಾಲೇಜಿನ ಹುಡುಗ ಹುಡುಗಿಯರು ಯಾರ ಜೊತೆ ಆಡುತ್ತಾರೆ, ವರ್ಷಕ್ಕೆ ಎಷ್ಟು ಪಂದ್ಯ ಆಡುತ್ತಾರೆ ಎಂಬುದು ಮೊದಲೇ ಯೋಚಿಸಬೇಕಾದ ಸಂಗತಿ.

ಮೊದಲು ಅಧಿಕೃತ ದಾರಿಯನ್ನು ನೋಡೋಣ. ಬೈರಮಂಗಲದಲ್ಲಿ ಒಂದು ಪದವಿ ಕಾಲೇಜು ಶುರುವಾಗಬೇಕು ಎಂದಿಟ್ಟುಕೊಳ್ಳಿ. ನಡೆಸುವ ಸಂಸ್ಥೆ ವಿಶ್ವವಿದ್ಯಾಲಯಕ್ಕೆ ಸಂಯೋಜನೆ ಕೋರಿ ಅರ್ಜಿ ಹಾಕುತ್ತದೆ. ವಿಶ್ವವಿದ್ಯಾಲಯ ಒಂದು ಸ್ಥಳೀಯ ವಿಚಾರಣಾ ಸಮಿತಿಯನ್ನು ಕಳಿಸುತ್ತದೆ. ಕಾಲೇಜುಗಳಲ್ಲಿ ಎಲ್ಲರೂ ಇದನ್ನು ಎಲ್‌ಐಸಿ ಎಂದೇ ಕರೆಯುತ್ತಾರೆ. ಸಮಿತಿಯವರು ಜಾಗ, ಕಟ್ಟಡ, ಗ್ರಂಥಾಲಯ, ಪ್ರಯೋಗಾಲಯ, ಅಧ್ಯಾಪಕರ ವಿವರಗಳ ಜೊತೆಗೆ ಆಟದ ಮೈದಾನವನ್ನೂ ನೋಡಿ ವರದಿ ಕೊಡುತ್ತಾರೆ. ಆ ವರದಿ ವಿಶ್ವವಿದ್ಯಾಲಯದ ಮಂಡಳಿಗಳ ಮುಂದೆ ಹೋಗಿ, ಸರ್ಕಾರದ ಒಪ್ಪಿಗೆ ಪಡೆದು, ಸಂಯೋಜನೆಯ ಆದೇಶವಾಗಿ ಹೊರಬರುತ್ತದೆ. ಇದೆಲ್ಲ ನಡೆಯುವುದು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ 2000ರ ಪ್ರಕಾರ. ಮೊದಮೊದಲು ಸಂಯೋಜನೆ ತಾತ್ಕಾಲಿಕ, ವರ್ಷವರ್ಷವೂ ನವೀಕರಿಸಬೇಕು.

ಆದೇಶ ಕೈಗೆ ಬಂದ ದಿನವೇ ಆ ಕಾಲೇಜು ಬೆಂಗಳೂರು ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಾವಳಿಗಳಲ್ಲಿ ಆಡುವ ಹಕ್ಕು ಪಡೆಯಿತು. ಈಗಾಗಲೇ ಇರುವ ಕಾಲೇಜುಗಳು ಕೂತು ಮತ ಹಾಕುವುದಿಲ್ಲ, ‘ನಿಮ್ಮ ತಂಡ ಬಲವಾಗಿದೆಯೇ’ ಎಂದು ಯಾರೂ ಕೇಳುವುದಿಲ್ಲ. ಹಳ್ಳಿಯ ಹೊಸ ಕಾಲೇಜಿಗೂ ನಗರದ ನೂರು ವರ್ಷದ ಕಾಲೇಜಿಗೂ ಬಾಗಿಲು ಒಂದೇ. ನಮ್ಮ ವ್ಯವಸ್ಥೆಯಲ್ಲಿ ನನಗೆ ತುಂಬ ಇಷ್ಟವಾದ ಗುಣ ಇದು.

ಹಕ್ಕು ಸಿಕ್ಕ ಮಾತ್ರಕ್ಕೆ ತಂಡ ಮೈದಾನಕ್ಕೆ ಇಳಿಯುವುದಿಲ್ಲ. ನಡುವೆ ಒಂದಿಷ್ಟು ಕಾಗದದ ಕೆಲಸವಿದೆ. ಪ್ರವೇಶದ ವೇಳೆ ವಿದ್ಯಾರ್ಥಿಗಳಿಂದ ಕ್ರೀಡಾ ಶುಲ್ಕ ಪಡೆದು ಅದರಲ್ಲಿ ವಿಶ್ವವಿದ್ಯಾಲಯದ ಪಾಲನ್ನು ಕಟ್ಟಬೇಕು. ವರ್ಷದ ಆರಂಭದಲ್ಲಿ ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ವಿಭಾಗ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರನ್ನು ಸೇರಿಸಿ ಯಾವ ಆಟ ಯಾವ ತಿಂಗಳು, ಯಾವ ಕಾಲೇಜು ಆತಿಥೇಯ ಎಂದು ಪಟ್ಟಿ ಮಾಡುತ್ತದೆ. ಆಮೇಲೆ ಎಂಟ್ರಿ ಕಳಿಸಬೇಕು. ಪ್ರತಿ ಆಟಗಾರನದೂ ಒಂದು ಎಲಿಜಿಬಿಲಿಟಿ ಫಾರ್ಮ್: ಭಾವಚಿತ್ರ, ಹುಟ್ಟಿದ ದಿನಾಂಕಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಪಾಸಾದ ದಾಖಲೆ, ಪ್ರಾಂಶುಪಾಲರ ಸಹಿ ಮತ್ತು ಮೊಹರು. ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ ಖಾಲಿಯಿರುವ ಕಾಲೇಜಿನಲ್ಲಿ ಈ ಹೊಣೆ ಇತಿಹಾಸದ ಅಥವಾ ವಾಣಿಜ್ಯದ ಅಧ್ಯಾಪಕರೊಬ್ಬರ ಹೆಗಲೇರುತ್ತದೆ. ಎಂಟ್ರಿ ತಪ್ಪುವುದು ಹೆಚ್ಚಾಗಿ ಇಲ್ಲೇ. ತಂಡ ಇದ್ದೂ ಫಾರ್ಮ್ ಹೋಗದೆ ಹುಡುಗರ ಒಂದು ವರ್ಷ ಕಳೆದುಹೋಗುತ್ತದೆ. ಹೊಸ ಕಾಲೇಜು ಮಾಡಬೇಕಾದ ಮೊದಲ ಕೆಲಸ ಚೆಂಡು ಕೊಳ್ಳುವುದಲ್ಲ, ಈ ಕಾಗದಗಳಿಗೆ ಒಬ್ಬರನ್ನು ಹೆಸರು ಹಿಡಿದು ಹೊಣೆ ಮಾಡುವುದು.

ಹೊಸ ಕಾಲೇಜು ಸೇರಿದಾಗ ಪಂದ್ಯಾವಳಿಗೆ ಏನಾಗುತ್ತದೆ? ಅಂತರ ಕಾಲೇಜು ಫುಟ್‌ಬಾಲ್ ಸಾಮಾನ್ಯವಾಗಿ ನಾಕ್‌ಔಟ್. ಎಷ್ಟು ತಂಡಗಳಿವೆಯೋ ಅದಕ್ಕಿಂತ ಒಂದು ಕಡಿಮೆ ಪಂದ್ಯ. 24 ತಂಡಗಳಿದ್ದರೆ 23 ಪಂದ್ಯ. ಫಿಕ್ಸ್ಚರ್ 32ರ ಲೆಕ್ಕಕ್ಕೆ ಹೋಗುವುದರಿಂದ ಎಂಟು ತಂಡಗಳಿಗೆ ಮೊದಲ ಸುತ್ತಿನಲ್ಲಿ ‘ಬೈ’, ಅಂದರೆ ಆಡದೆಯೇ ಮುಂದಿನ ಸುತ್ತಿಗೆ ಪ್ರವೇಶ, ಸಿಗುತ್ತದೆ. ಮೂರು ಹೊಸ ಕಾಲೇಜು ಬಂದು 27 ಆದರೆ 26 ಪಂದ್ಯ, ಐದು ಬೈ. ಸುತ್ತುಗಳು ಐದೇ. ನಾಕ್‌ಔಟ್ ಕೂಟಕ್ಕೆ ಹೊಸಬರನ್ನು ಸೇರಿಸುವುದು ಇಷ್ಟು ಅಗ್ಗ. ಆದರೆ ಆಟಗಾರನ ಕಡೆಯಿಂದ ನೋಡಿದರೆ ಇದೇ ನಾಕ್‌ಔಟ್ ತುಂಬ ಕಠಿಣ. ಬೈರಮಂಗಲದ ತಂಡ ಮೊದಲ ಪಂದ್ಯದಲ್ಲೇ ಬೆಂಗಳೂರಿನ ಪಳಗಿದ ತಂಡವೊಂದಕ್ಕೆ ಸಿಕ್ಕಿ ಸೋತರೆ, ತೊಂಬತ್ತು ನಿಮಿಷಕ್ಕೆ ಅವರ ವರ್ಷ ಮುಗಿಯಿತು. ವರ್ಷಕ್ಕೆ ಒಂದೇ ಪಂದ್ಯ ಆಡಿದವರು ಕಲಿಯುವುದು ಎಲ್ಲಿಂದ?

ಕಾಲೇಜುಗಳು ತೀರ ಹೆಚ್ಚಿದಾಗ ವಲಯ ಮಾಡುತ್ತಾರೆ. ರಾಜ್ಯವನ್ನೆಲ್ಲ ಹರಡಿಕೊಂಡ ವಿಟಿಯು ಹೀಗೇ ಮಾಡುತ್ತದೆ: ಮೊದಲು ವಲಯ ಮಟ್ಟ, ಅಲ್ಲಿ ಗೆದ್ದವರಿಗೆ ಅಂತರ ವಲಯ. ದೂರದ ಪ್ರಯಾಣವನ್ನು ಗೆದ್ದ ಕೆಲವರಷ್ಟೇ ಮಾಡಿದರೆ ಸಾಕು.

ಅಂತರ ಕಾಲೇಜು ಮುಗಿದ ಮೇಲಿನ ಮೆಟ್ಟಿಲು ವಿಶ್ವವಿದ್ಯಾಲಯ ತಂಡ. ಎಲ್ಲ ಕಾಲೇಜುಗಳಿಂದ ಚೆನ್ನಾಗಿ ಆಡಿದವರನ್ನು ಆಯ್ದು, ತರಬೇತಿ ಶಿಬಿರ ನಡೆಸಿ, ಒಂದು ತಂಡ ಕಟ್ಟುತ್ತಾರೆ. ಈ ತಂಡ ಭಾರತೀಯ ವಿಶ್ವವಿದ್ಯಾಲಯಗಳ ಸಂಘ (ಎಐಯು) ನಡೆಸುವ ದಕ್ಷಿಣ ವಲಯ ಪಂದ್ಯಾವಳಿಗೆ ಹೋಗುತ್ತದೆ. 1925ರಲ್ಲಿ ಅಂತರ ವಿಶ್ವವಿದ್ಯಾಲಯ ಮಂಡಳಿಯಾಗಿ ಹುಟ್ಟಿದ ಈ ಸಂಘ ದೇಶವನ್ನು ಆಟಕ್ಕಾಗಿ ನಾಲ್ಕು ವಲಯಗಳಾಗಿ ಹಂಚಿದೆ. ದಕ್ಷಿಣದಲ್ಲಿ ಕರ್ನಾಟಕದ ಜೊತೆ ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣದ ವಿಶ್ವವಿದ್ಯಾಲಯಗಳಿವೆ. ಫುಟ್‌ಬಾಲ್‌ನಲ್ಲಿ ವಲಯದ ಮೊದಲ ನಾಲ್ಕು ತಂಡಗಳು ಅಖಿಲ ಭಾರತ ಮಟ್ಟಕ್ಕೆ ಏರುತ್ತವೆ. ಕಲ್ಲಿಕೋಟೆ ವಿಶ್ವವಿದ್ಯಾಲಯದಂತಹ ಬಲಾಢ್ಯರು ಇರುವ ವಲಯ ಇದು. ಆ ನಾಲ್ಕರಲ್ಲಿ ಒಂದಾಗುವುದು ಸುಲಭವಲ್ಲ.

ದಕ್ಷಿಣ ವಲಯಕ್ಕೆ ಒಂದು ವಿಶ್ವವಿದ್ಯಾಲಯದಿಂದ ಒಂದೇ ತಂಡ. ಇಲ್ಲಿಂದ ವಿಷಯ ಸ್ವಾರಸ್ಯವಾಗುತ್ತದೆ. ವಿಶ್ವವಿದ್ಯಾಲಯ ಎಷ್ಟೇ ದೊಡ್ಡದಾಗಿರಲಿ, ನೂರಾರು ಕಾಲೇಜುಗಳಿರಲಿ, ತಂಡ ಒಂದೇ. ಹಾಗಾಗಿ ಒಂದು ವಿಶ್ವವಿದ್ಯಾಲಯಕ್ಕೆ ಹೊಸ ಕಾಲೇಜುಗಳು ಸೇರಿದಷ್ಟೂ ಆ ಒಂದು ಜೆರ್ಸಿಗೆ ಪೈಪೋಟಿ ಹೆಚ್ಚುತ್ತದೆ. ವಿಶ್ವವಿದ್ಯಾಲಯ ಒಡೆದರೆ ಜೆರ್ಸಿಗಳು ಹೆಚ್ಚುತ್ತವೆ.

ನಮ್ಮ ರಾಜ್ಯದಲ್ಲಿ ಈ ಒಡೆಯುವಿಕೆಗೆ ದೊಡ್ಡ ಇತಿಹಾಸವೇ ಇದೆ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾದಾಗ ಬೆಂಗಳೂರಿನ ಸೆಂಟ್ರಲ್ ಕಾಲೇಜು ಅದರ ಭಾಗವಾಗಿತ್ತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಬೇರೆಯಾಯಿತು. 2004ರಲ್ಲಿ ಅದರಿಂದ ತುಮಕೂರು ಬೇರೆಯಾಯಿತು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವನ್ನೇ ಮೂರು ಮಾಡಿ ಬೆಂಗಳೂರು ಕೇಂದ್ರ ಮತ್ತು ಬೆಂಗಳೂರು ಉತ್ತರ ವಿಶ್ವವಿದ್ಯಾಲಯಗಳನ್ನು ಹೊರತೆಗೆದರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಪದವಿ ಕಾಲೇಜುಗಳು ಜ್ಞಾನಭಾರತಿಯಲ್ಲಿರುವ ಮೂಲ ವಿಶ್ವವಿದ್ಯಾಲಯದಲ್ಲೇ ಉಳಿದವು. ನಗರದ ಹೃದಯಭಾಗದ ಬಹಳಷ್ಟು ಕಾಲೇಜುಗಳು ಕೇಂದ್ರ ವಿಶ್ವವಿದ್ಯಾಲಯಕ್ಕೆ ಹೋದವು. ಯಾರೂ ಆಟವನ್ನು ಮನಸ್ಸಿನಲ್ಲಿಟ್ಟು ಆ ಗೆರೆ ಎಳೆಯಲಿಲ್ಲ. ಆದರೂ ಕನಕಪುರದ ರೂರಲ್ ಕಾಲೇಜಿನ ಹುಡುಗ ವಿಶ್ವವಿದ್ಯಾಲಯದ ‘ಬ್ಲೂ’, ಅಂದರೆ ವಿಶ್ವವಿದ್ಯಾಲಯ ತಂಡದ ಆಟಗಾರ, ಆಗಬೇಕಾದರೆ ಮೊದಲು ಯಾರನ್ನೆಲ್ಲ ಮೀರಿಸಬೇಕಿತ್ತೋ ಆ ಪಟ್ಟಿ ಒಂದೇ ವರ್ಷದಲ್ಲಿ ಮೊಟಕಾಯಿತು.

ಕಾಲೇಜು ತಾನೇ ವಿಶ್ವವಿದ್ಯಾಲಯವಾಗುವುದು ಇನ್ನೊಂದು ಬಗೆ. 2008ರಲ್ಲಿ ಕ್ರೈಸ್ಟ್ ಮತ್ತು ಜೈನ್ ಡೀಮ್ಡ್ ವಿಶ್ವವಿದ್ಯಾಲಯಗಳಾದವು. 2022ರಲ್ಲಿ ಸೇಂಟ್ ಜೋಸೆಫ್ಸ್ ವಿಶ್ವವಿದ್ಯಾಲಯವಾಯಿತು. ಅಲ್ಲಿಯವರೆಗೆ ಅಂತರ ಕಾಲೇಜು ಪಂದ್ಯಾವಳಿಯಲ್ಲಿ ಆಡುತ್ತಿದ್ದ ಕಾಲೇಜುಗಳು ಆಮೇಲೆ ಸೀದಾ ದಕ್ಷಿಣ ವಲಯದಲ್ಲಿ, ತಮ್ಮ ಹಳೆಯ ವಿಶ್ವವಿದ್ಯಾಲಯಕ್ಕೆ ಸರಿಸಮನಾಗಿ ಆಡುವಂತಾದವು. 2022ರಲ್ಲಿ ಎರಡನೆಯ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವನ್ನು ಬೆಂಗಳೂರಿನಲ್ಲಿ ನಡೆಸಿದ್ದು ಜೈನ್. ಪದಕ ಪಟ್ಟಿಯಲ್ಲಿ ಮೊದಲ ಸ್ಥಾನವೂ ಅದರದೇ. ಮೈದಾನ, ತರಬೇತುದಾರ, ಹಾಸ್ಟೆಲ್ ಎಲ್ಲ ಇರುವ ಸಂಸ್ಥೆಗೆ ಈ ಬದಲಾವಣೆ ವರ. ಆದರೆ ಅವು ಹೊರಟುಹೋದ ಮೇಲೆ ಹಿಂದೆ ಉಳಿದ ಕಾಲೇಜುಗಳಿಗೆ ಬಲವಾದ ಎದುರಾಳಿಯ ಜೊತೆ ಆಡುವ ಅವಕಾಶ ಕಡಿಮೆಯಾಗುತ್ತದೆ. ಜೆರ್ಸಿ ಸುಲಭವಾಗುವುದೂ ಆಟದ ಮಟ್ಟ ಇಳಿಯುವುದೂ ಒಟ್ಟೊಟ್ಟಿಗೇ ನಡೆಯುತ್ತವೆ.

ಈ ಗೆರೆಗಳು ಶಾಶ್ವತವೂ ಅಲ್ಲ. 2025ರ ಆರಂಭದಲ್ಲಿ, ಅನುದಾನವಿಲ್ಲದೆ ಸೊರಗಿದ ಕೆಲವು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಿ ಮೂಲ ವಿಶ್ವವಿದ್ಯಾಲಯಗಳ ಜೊತೆ ಸೇರಿಸಬೇಕೆಂಬ ಶಿಫಾರಸು ಸಚಿವ ಸಂಪುಟದ ಉಪಸಮಿತಿಯಿಂದ ಬಂದಿತ್ತು. ಹಾಗೆ ವಿಲೀನವಾದ ಕಡೆ ಎರಡು ತಂಡ ಒಂದಾಗುತ್ತದೆ.

ಕಾಲೇಜು ಫುಟ್‌ಬಾಲ್ ಕೂಟವನ್ನು ಹಿಗ್ಗಿಸುವ ಮಾತು ಜಗತ್ತಿನಲ್ಲಿ ಅತಿ ಹೆಚ್ಚು ನಡೆಯುವುದು ಅಮೆರಿಕದಲ್ಲಿ. ಅಲ್ಲಿನ ಫುಟ್‌ಬಾಲ್ ಕೈಯಲ್ಲಿ ಹಿಡಿದು ಓಡುವ ಬೇರೆ ಆಟ. ಆದರೆ ಕೂಟದ ಲೆಕ್ಕಾಚಾರ ಎಲ್ಲ ಆಟಕ್ಕೂ ಒಂದೇ. ಅಲ್ಲಿ ವಿಶ್ವವಿದ್ಯಾಲಯಗಳು ತಾವೇ ಒಪ್ಪಂದ ಮಾಡಿಕೊಂಡು ‘ಕಾನ್ಫರೆನ್ಸ್’ ಕಟ್ಟಿಕೊಳ್ಳುತ್ತವೆ. ಹೊಸಬರನ್ನು ಸೇರಿಸಲು ಹಳೆಯ ಸದಸ್ಯರು ಮತ ಹಾಕುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ, ಟೆಕ್ಸಾಸ್‌ನ ಎಸ್‌ಎಂಯು, ಈ ಮೂರನ್ನು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ಗೆ ಸೇರಿಸಲು 15ರಲ್ಲಿ 12 ಮತ ಬೇಕಿತ್ತು. ಅಷ್ಟು ಮಾತ್ರ ಬಿತ್ತು. ಸೇರುವುದಕ್ಕಾಗಿ ಎಸ್‌ಎಂಯು ಒಂಬತ್ತು ವರ್ಷ ಟೀವಿ ಹಣದ ಪಾಲು ಬೇಡ ಎಂದು ಒಪ್ಪಿಕೊಂಡಿತು. ಸ್ಟ್ಯಾನ್‌ಫರ್ಡ್, ಬರ್ಕ್ಲಿಗಳೂ ಮೊದಲ ವರ್ಷಗಳಲ್ಲಿ ಪೂರ್ತಿ ಪಾಲು ಪಡೆಯುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಕನ್ನಡದ ಮನೆಗಳ ಮಕ್ಕಳು ಓದುವ ಈ ಕ್ಯಾಂಪಸ್‌ಗಳ ತಂಡಗಳು ಈಗ ಕೂಟದ ಪಂದ್ಯಕ್ಕೆಂದು ದೇಶದ ಆ ತುದಿಯವರೆಗೆ ವಿಮಾನದಲ್ಲಿ ಹೋಗುತ್ತವೆ. ಫುಟ್‌ಬಾಲ್ ತಂಡವಷ್ಟೇ ಅಲ್ಲ, ವಾಲಿಬಾಲ್ ಆಡುವ ಹುಡುಗಿಯರೂ ವಾರದ ನಡುವೆ ತರಗತಿ ಬಿಟ್ಟು ಹೋಗಬೇಕಾಗುತ್ತದೆ.

1896ರಲ್ಲಿ ಹುಟ್ಟಿದ ‘ಬಿಗ್ ಟೆನ್’ ಕೂಟದಲ್ಲಿ 2024ರಿಂದ 18 ಸದಸ್ಯರಿದ್ದಾರೆ. 18 ತಂಡ ಎಲ್ಲರ ಮೇಲೂ ಒಮ್ಮೆ ಆಡಬೇಕೆಂದರೆ 153 ಪಂದ್ಯ, ಪ್ರತಿ ತಂಡಕ್ಕೆ 17. ಅವರ ಋತುವಿನಲ್ಲಿ ಕೂಟದೊಳಗಿನ ಪಂದ್ಯಗಳಿಗೆ ಇರುವ ಜಾಗ ಒಂಬತ್ತೇ. ಅಂದರೆ ಪ್ರತಿ ತಂಡವೂ ಒಂದು ವರ್ಷದಲ್ಲಿ ಸುಮಾರು ಅರ್ಧದಷ್ಟು ಸದಸ್ಯರ ಮುಖ ನೋಡುವುದಿಲ್ಲ. ಕೂಟ ಹಿಗ್ಗಿಸುವ ಈ ಓಟದಲ್ಲಿ ಹಿಂದೆ ಬಿದ್ದ ಪಶ್ಚಿಮ ಕರಾವಳಿಯ ‘ಪ್ಯಾಕ್-12’ ಕೂಟದಿಂದ ಹತ್ತು ಸದಸ್ಯರು ಹೊರಟು, 2024ರಲ್ಲಿ ಉಳಿದದ್ದು ಆರೆಗನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎರಡೇ. ದೊಡ್ಡ ಮಟ್ಟದ ಫುಟ್‌ಬಾಲ್ ಕೂಟಕ್ಕೆ ಕನಿಷ್ಠ ಎಂಟು ತಂಡ ಬೇಕೆಂಬ ನಿಯಮ ಅಲ್ಲಿದೆ. ಹಾಗಾಗಿ ಉಳಿದ ಇಬ್ಬರು ಸದಸ್ಯರು ಎರಡು ವರ್ಷದ ಅವಧಿಯೊಳಗೆ ಬಾಯ್ಸಿ ಸ್ಟೇಟ್, ಫ್ರೆಸ್ನೊ ಸ್ಟೇಟ್ ಮುಂತಾದವರನ್ನು ಕರೆತಂದು ಕೂಟವನ್ನು ಮತ್ತೆ ಕಟ್ಟಲು ಓಡಾಡಬೇಕಾಯಿತು.

ಹಣದ ಆ ಪರಿ ನಮಗೆ ಬೇಡ, ಬರುವುದೂ ಇಲ್ಲ. ಆದರೆ ಅಲ್ಲಿಂದ ತೆಗೆದುಕೊಳ್ಳಬೇಕಾದ್ದು ಒಂದಿದೆ: ಕಾಲೇಜುಗಳು ತಾವೇ ಕೂತು ಒಪ್ಪಂದದ ಮೇಲೆ ಕೂಟ ಕಟ್ಟಬಹುದು ಎಂಬುದು. ವಿಶ್ವವಿದ್ಯಾಲಯದ ನಾಕ್‌ಔಟ್ ಅದರ ಪಾಡಿಗೆ ನಡೆಯಲಿ. ಅದರ ಜೊತೆಗೆ ಈ ಜಿಲ್ಲೆಯ ಕಾಲೇಜುಗಳದೇ ಒಂದು ಲೀಗ್ ಇದ್ದರೆ, ಬಿ.ಕಾಂ., ಬಿ.ಇ., ನರ್ಸಿಂಗ್ ಹುಡುಗರು ಎದುರುಬದುರಾಗುತ್ತಾರೆ. ಪ್ರತಿಯೊಬ್ಬರಿಗೂ ವರ್ಷಕ್ಕೆ ಕಡಿಮೆಯೆಂದರೂ ಐದು ಪಂದ್ಯ ಸಿಗುತ್ತದೆ. ರಾಮನಗರದಿಂದ ಚನ್ನಪಟ್ಟಣ ಹತ್ತು ಹನ್ನೆರಡು ಕಿಲೋಮೀಟರ್. ಕನಕಪುರ, ಮಾಗಡಿ ಸುಮಾರು ಒಂದು ಗಂಟೆಯ ಬಸ್ಸಿನ ದಾರಿ. ಬೆಳಗಿನ ಎರಡು ತರಗತಿ ಮುಗಿಸಿ ಹೋಗಿ, ಆಡಿ, ರಾತ್ರಿ ಊಟಕ್ಕೆ ಮನೆ ಸೇರಬಹುದು.

ಇಂಥ ಲೀಗಿಗೆ ಕಾಲೇಜುಗಳನ್ನು ಸೇರಿಸುವಾಗ ಲೆಕ್ಕ ಮುಖ್ಯ. ಎಂಟು ತಂಡ ಎಲ್ಲರ ಮೇಲೂ ಒಮ್ಮೆ ಆಡಿದರೆ 28 ಪಂದ್ಯ, ಏಳು ವಾರ. ಅದಕ್ಕೆ ಒಂದೇ ತಂಡ ಸೇರಿಸಿ ಒಂಬತ್ತು ಮಾಡಿದರೆ 36 ಪಂದ್ಯ. ಬೆಸ ಸಂಖ್ಯೆಯಾದ್ದರಿಂದ ಪ್ರತಿ ವಾರ ಒಂದು ತಂಡ ಸುಮ್ಮನೆ ಕೂರಬೇಕು, ಒಂಬತ್ತು ವಾರ ಹಿಡಿಯುತ್ತದೆ. ಹತ್ತು ಮಾಡಿದರೆ 45 ಪಂದ್ಯ, ವಾರ ಮಾತ್ರ ಅದೇ ಒಂಬತ್ತು. ಹಾಗಾಗಿ ಹೊಸಬರನ್ನು ಜೋಡಿಯಾಗಿ ಸೇರಿಸುವುದು ಒಳ್ಳೆಯದು. ಒಂದು ಕಾಲೇಜು ತಯಾರಿದ್ದು ಇನ್ನೊಂದು ಇಲ್ಲದಿದ್ದರೆ ಒಂದು ವರ್ಷ ಕಾಯಿಸಿ, ಅಷ್ಟರಲ್ಲಿ ಆ ತಂಡಕ್ಕೆ ಸೌಹಾರ್ದ ಪಂದ್ಯಗಳನ್ನು ಕೊಡಬಹುದು. ಹನ್ನೆರಡು ಮುಟ್ಟಿದಾಗ ಆರು ಆರರ ಎರಡು ಗುಂಪು ಮಾಡಬೇಕು. ಆಗ ಗುಂಪಿಗೆ 15ರಂತೆ 30 ಪಂದ್ಯ, ಐದು ವಾರ. ಮೇಲೆ ಎರಡು ಸೆಮಿಫೈನಲ್, ಒಂದು ಫೈನಲ್. ಒಟ್ಟು 33 ಪಂದ್ಯ, ಏಳು ವಾರ. ಹತ್ತು ತಂಡದ ಲೀಗಿಗಿಂತ ಹನ್ನೆರಡು ತಂಡದ ಎರಡು ಗುಂಪು ಬೇಗ ಮುಗಿಯುತ್ತದೆ ಎಂಬುದು ಮೊದಲ ನೋಟಕ್ಕೆ ಹೊಳೆಯುವುದಿಲ್ಲ. ಸೆಮಿಸ್ಟರ್ ಪದ್ಧತಿಯಲ್ಲಿ ಕಿರುಪರೀಕ್ಷೆ, ಹಬ್ಬ, ಮಳೆ ಕಳೆದು ಉಳಿಯುವ ವಾರಗಳು ಕಡಿಮೆ. ಈ ಎರಡು ವಾರದ ಉಳಿತಾಯ ಸಣ್ಣದಲ್ಲ.

ಗುಂಪುಗಳನ್ನು ರಸ್ತೆ ನೋಡಿ ಮಾಡಬೇಕು. ಕನಕಪುರ, ಹಾರೋಹಳ್ಳಿ ಕಡೆಯವರು ಒಂದು. ರಾಮನಗರ, ಚನ್ನಪಟ್ಟಣ, ಮಾಗಡಿಯವರು ಇನ್ನೊಂದು. ಬೈರಮಂಗಲ ಬಿಡದಿಗೂ ಹಾರೋಹಳ್ಳಿಗೂ ನಡುವೆ ಇರುವುದರಿಂದ ಅಲ್ಲಿನ ಕಾಲೇಜು ಯಾವ ಗುಂಪಿಗೆ ಜನ ಕಡಿಮೆಯೋ ಅಲ್ಲಿಗೆ ಸೇರಬಹುದು. ಸದಸ್ಯತ್ವದ ನಿಯಮವನ್ನು ಮೊದಲ ಸಭೆಯಲ್ಲೇ ಬರೆದಿಡಬೇಕು: ಹೊಸಬರ ಅರ್ಜಿ ಯಾವ ತಿಂಗಳೊಳಗೆ, ಒಪ್ಪಲು ಮುಕ್ಕಾಲು ಪಾಲು ಸದಸ್ಯರ ಮತ ಸಾಕೇ, ಬಿಟ್ಟು ಹೋಗುವವರು ಎಷ್ಟು ಮುಂಚೆ ತಿಳಿಸಬೇಕು, ಎರಡು ಸಲ ವಾಕ್‌ಓವರ್ ಕೊಟ್ಟ ತಂಡವನ್ನು ಏನು ಮಾಡಬೇಕು. ವಿಶ್ವವಿದ್ಯಾಲಯದ ಪಂದ್ಯ ಅಥವಾ ಶಿಬಿರದ ದಿನ ಬಿದ್ದರೆ ಲೀಗ್ ಪಂದ್ಯ ಮುಂದೆ ಹೋಗಬೇಕು ಎಂಬುದಂತೂ ಇರಲೇಬೇಕು. ಪ್ರಾಂಶುಪಾಲರ ಲಿಖಿತ ಒಪ್ಪಿಗೆ, ಪ್ರಯಾಣದ ವಿಮೆ, ಆಡಿದ ದಿನದ ಹಾಜರಾತಿ, ಈ ಮೂರನ್ನು ಬಾಯಿಮಾತಿಗೆ ಬಿಡಬಾರದು. ರೆಫರಿಗಳನ್ನು ಫುಟ್‌ಬಾಲ್ ಸಂಸ್ಥೆಯ ಮೂಲಕವೇ ಕರೆಸಬೇಕು. ಆತಿಥೇಯ ಕಾಲೇಜಿನ ಅಧ್ಯಾಪಕರು ಸೀಟಿ ಹಿಡಿದರೆ ಮೊದಲ ಪೆನಾಲ್ಟಿಗೇ ಜಗಳ.

ಎಲ್ಲಕ್ಕಿಂತ ದುಬಾರಿ ಮೈದಾನ. 105 ಮೀಟರ್ ಉದ್ದ, 68 ಮೀಟರ್ ಅಗಲದ ಅಂಕಣಕ್ಕೆ ಸುಮಾರು 70 ಗುಂಟೆ ಬೇಕು. ಸುತ್ತ ಜಾಗ ಬಿಟ್ಟರೆ ಎರಡು ಎಕರೆ ದಾಟುತ್ತದೆ. ಕಬಡ್ಡಿ, ವಾಲಿಬಾಲ್, ಖೋಖೋ ನಮ್ಮ ಹಳ್ಳಿಗಳಲ್ಲಿ ಬೇರೂರಿದ್ದಕ್ಕೆ ಅವು ಚಿಕ್ಕ ಜಾಗದಲ್ಲಿ ಆಗುತ್ತವೆ ಎಂಬುದೂ ಒಂದು ಕಾರಣ. ಹೊಸ ಕಾಲೇಜಿಗೆ ಜಾಗ ಗುರುತಿಸುವಾಗಲೇ ಈ ಎರಡು ಎಕರೆಯನ್ನು ನಕ್ಷೆಯಲ್ಲಿ ಬರೆಸದಿದ್ದರೆ ಆಮೇಲೆ ಸಿಗುವುದಿಲ್ಲ. ಕಟ್ಟಡ ಮೇಲಕ್ಕೆ ಏರಿಸಬಹುದು, ಮೈದಾನ ಏರಿಸಲಾಗದು. ಬೈರಮಂಗಲದಲ್ಲಿ ಇನ್ನೊಂದು ಎಚ್ಚರ ಬೇಕು. ಬೆಂಗಳೂರಿನ ಕೊಳಚೆ ಹೊತ್ತು ಬರುವ ವೃಷಭಾವತಿಯ ನೀರು ಇಲ್ಲಿನ ಕೆರೆಗೆ ಸೇರುತ್ತದೆ. ಆ ನೀರನ್ನು ಮೈದಾನದ ಹುಲ್ಲಿಗೆ ಬಿಡಬಾರದು. ಆಟದಲ್ಲಿ ಬೀಳುವುದು, ಮೊಣಕಾಲು ತರಚುವುದು ದಿನನಿತ್ಯದ್ದು. ತೆರೆದ ಗಾಯಕ್ಕೆ ಆ ನೀರು ಕುಡಿದ ಮಣ್ಣು ತಗಲುವುದು ಅಪಾಯ. ಕೊಳವೆಬಾವಿಯ ನೀರನ್ನಾದರೂ ಪರೀಕ್ಷೆ ಮಾಡಿಸಿಯೇ ಬಳಸಬೇಕು.

ಹುಡುಗಿಯರ ತಂಡದ ಮಾತನ್ನು ಯಾರೂ ಎರಡನೆಯ ವರ್ಷಕ್ಕೆ ಮುಂದೂಡಬಾರದು. ಮಹಿಳಾ ಫುಟ್‌ಬಾಲ್‌ಗೂ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ ಇದೆ, ಅಲ್ಲಿಯೂ ಒಂದು ವಿಶ್ವವಿದ್ಯಾಲಯಕ್ಕೆ ಒಂದೇ ತಂಡ. ಆದರೆ ತಂಡ ಕಳಿಸುವ ಕಾಲೇಜುಗಳು ಕಡಿಮೆಯಿರುವುದರಿಂದ, ಚೆನ್ನಾಗಿ ತಯಾರಾದ ಹಳ್ಳಿಯ ಹುಡುಗಿಗೆ ಆ ಜೆರ್ಸಿ ಹುಡುಗರಿಗಿಂತ ಹತ್ತಿರದಲ್ಲಿದೆ. ಮೊದಲ ವರ್ಷ ಹನ್ನೊಂದು ಮಂದಿ ಕೂಡದಿದ್ದರೆ ಏಳು ಮಂದಿಯ ಆಟದಿಂದ ಶುರು ಮಾಡಬಹುದು. ಅದಕ್ಕೆ ಅರ್ಧ ಮೈದಾನ ಸಾಕು; ಪಂದ್ಯವನ್ನು ಹುಡುಗರ ಪಂದ್ಯದ ದಿನವೇ, ಅದೇ ಬಸ್ಸಿನಲ್ಲಿ ಹೋಗಿ ಮುಗಿಸಬಹುದು. ಮನೆಯವರ ಮೊದಲ ಪ್ರಶ್ನೆ ಆಟದ್ದಲ್ಲ, ಮಗಳು ಎಷ್ಟು ಹೊತ್ತಿಗೆ ವಾಪಸ್ ಬರುತ್ತಾಳೆ ಎಂಬುದು. ಅದಕ್ಕೆ ಪಂದ್ಯದ ಸಮಯ, ಬಸ್ಸು ಹೊರಡುವ ಸಮಯ, ಜೊತೆಗೆ ಹೋಗುವ ಅಧ್ಯಾಪಕಿಯ ಹೆಸರು ಮತ್ತು ಫೋನ್ ನಂಬರ್ ಬರೆದ ಒಂದು ಹಾಳೆಯನ್ನು ಹಿಂದಿನ ದಿನವೇ ಮನೆಗೆ ಕಳಿಸಬೇಕು.